ತಲ್ಲೂರಿನಲ್ಲಿ ಸಿಕ್ಕ ಸದ್ದು

ನಾಗೋಡಿ ದಾಟಿ ಕೊಲ್ಲೂರು ಘಾಟಿಗಿಳಿದ ಮೇಲೆ ಸಿಕ್ಕ ಮೊದಲ ದೊಡ್ಡ ತಿರುವಿನಲ್ಲಿ ಸ್ಟಿಯರಿಂಗ್ ಎಡಕ್ಕೆ ಎಳೆದೆ. ‘ಕಟ್’ ಎಂದಿತು. ಒಂದೇ ಸಲ, ಪಕ್ಕದಲ್ಲಿ ಕೂತವರು ನಟಿಕೆ ಮುರಿದ ಹಾಗೆ. ಕಿವಿಗೆ ಕೇಳಿದ್ದಕ್ಕಿಂತ ಅಂಗೈಗೆ ತಾಗಿದ್ದೇ ಹೆಚ್ಚು. ಬಲ ತಿರುವಿನಲ್ಲಿ ಏನೂ ಇಲ್ಲ. ಮತ್ತೆ ಎಡ, ಮತ್ತೆ ‘ಕಟ್’. ಜನವರಿಯ ಬೆಳಿಗ್ಗೆ ಆರೂವರೆ. ಮರಗಳ ಬುಡದಲ್ಲಿ ಇನ್ನೂ ಕತ್ತಲೆ ಇತ್ತು. ಎಲೆಗಳಿಂದ ಇಬ್ಬನಿ ಬಾನೆಟ್ಟಿನ ಮೇಲೆ ತೊಟ್ಟಿಕ್ಕುತ್ತಿತ್ತು. ಕಿಟಕಿಯ ಗಾಜು ಪೂರ್ತಿ ಇಳಿಸಿದೆ, ರೇಡಿಯೊ ಬಂದ್ ಮಾಡಿದೆ. ಹಿಂದಿನಿಂದ ಬಂದ ಬಸ್ಸಿಗೆ ದಾರಿ ಬಿಟ್ಟು, ಎರಡನೇ ಗೇರಿನಲ್ಲಿ ಒಂದೊಂದೇ ತಿರುವು ಎಣಿಸುತ್ತಾ ಇಳಿದೆ.

ಹೊರಟಿದ್ದು ತಲ್ಲೂರಿಗೆ, ಚಿಕ್ಕಮ್ಮನ ಮನೆಗೆ. ಅವರ ಹಳೆ ಮನೆಯ ಮಾಡು ಬಿಚ್ಚಿದ್ದರು. ಹೆಂಚು ಬೇಕಾದರೆ ಬಂದು ಒಯ್ಯಿ ಎಂದು ಫೋನ್ ಮಾಡಿದ್ದರು. ನಮ್ಮ ಕೊಟ್ಟಿಗೆಗೆ 500 ಹೆಂಚು ಸಾಕು. ಒಂದೊಂದು ಎರಡೂಕಾಲು, ಎರಡೂವರೆ ಕಿಲೊ ತೂಗುವ ಹಳೆಯ ಹೆಂಚು. ಎಲ್ಲ ಸೇರಿದರೆ ಹನ್ನೆರಡು ಕ್ವಿಂಟಲಿನ ಹತ್ತಿರ. ಅಷ್ಟನ್ನು ಹೇರಿಕೊಂಡು ಇದೇ ಘಾಟಿಯನ್ನು ಹತ್ತಬೇಕು. ಇಳಿಯುವಾಗ ಖಾಲಿ ಗಾಡಿಯಲ್ಲಿ ಬರುವ ಸದ್ದು, ಲೋಡು ಹೊತ್ತು ಹತ್ತುವಾಗ ಏನಾಗಬಹುದು ಎಂದು ಯೋಚಿಸಿದಾಗ ಹೊಟ್ಟೆಯಲ್ಲಿ ಕಲಸಿದಂತಾಯಿತು. ಬ್ರೇಕು ಹೋದರೆ ಗೇರಿನಲ್ಲಿ ಹಿಡಿಯಬಹುದು, ಗುಡ್ಡದ ಬದಿಗೆ ತಾಗಿಸಬಹುದು. ಸ್ಟಿಯರಿಂಗ್ ಕೈಬಿಟ್ಟರೆ ಗಾಡಿ ಎಲ್ಲಿಗೆ ಹೋಗಬೇಕೆಂದು ಹೇಳುವವರೇ ಇಲ್ಲ.

ಸದ್ದು ಅಂದೇ ಹುಟ್ಟಿದ್ದಲ್ಲ. ದೀಪಾವಳಿಯ ಹೊತ್ತಿಗೆ ಶುರುವಾಗಿತ್ತು. ನಮ್ಮ ಕಡೆಯ ಒಂದು ಗ್ಯಾರೇಜಿನಲ್ಲಿ ತೋರಿಸಿದಾಗ, ಸದ್ದು ಎಂಬ ಮಾತು ಬಾಯಿಂದ ಬಿದ್ದದ್ದೇ ತಡ, ಎರಡೂ ಬದಿಯ ಟೈರಾಡ್ ಎಂಡ್ ಬಿಚ್ಚಿ ಹೊಸದು ಹಾಕಿದರು. ಅಲೈನ್‌ಮೆಂಟ್ ಮಾಡಿಸಿದೆ. ಎರಡು ದಿನ ಸದ್ದಿಲ್ಲ ಅನ್ನಿಸಿತು; ಮೂರನೆಯ ದಿನ ಅದೇ ‘ಕಟ್’. ಇನ್ನೊಂದು ಕಡೆ ಆಯಿಲ್ ಹಾಕಿ, ‘ಪಂಪು ಹೋಗಿದೆ, ಹೊಸದು ಹಾಕಿಸಬೇಕು’ ಎಂದರು. ಅಷ್ಟು ಹೊತ್ತಿಗೆ 4,000 ರೂಪಾಯಿಯ ಹತ್ತಿರ ಖರ್ಚಾಗಿತ್ತು. ಪಂಪಿನ ಬೆಲೆ ಕೇಳಿ ಸುಮ್ಮನಾದೆ. ಎರಡೂ ಕಡೆ ಕೆಲಸದಲ್ಲಿ ಮೋಸ ಇರಲಿಲ್ಲ. ಆದರೆ ಸದ್ದು ಯಾವಾಗ ಬರುತ್ತದೆ, ಹೇಗೆ ಬರುತ್ತದೆ ಎಂದು ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಕೊಲ್ಲೂರಿನಲ್ಲಿ ಚಹಾ ಕುಡಿದು ಚಿತ್ತೂರಿಗೆ ಬಂದಾಗ ಬಿಸಿಲು ಏರಿತ್ತು. ಮಾರಣಕಟ್ಟೆಯ ಜಾತ್ರೆ ಮುಗಿದು ವಾರವಾಗಿರಲಿಲ್ಲ. ರಸ್ತೆ ಬದಿಯಲ್ಲಿ ಅಂಗಡಿ ಕಿತ್ತ ಬಿದಿರ ಗಳಗಳು, ಬಾಡಿದ ಹಳದಿ ಸೇವಂತಿಗೆ. ಈ ದಾರಿಯಲ್ಲಿ ಹೋಗುವಾಗೆಲ್ಲ ನನಗೆ ಹೇರೆತ್ತುಗಳ ನೆನಪು. ಬಿದನೂರಿನ ನಾಯಕರ ಕಾಲದಲ್ಲಿ ಘಟ್ಟದ ಮೇಲಿನ ಮೆಣಸು ಎತ್ತಿನ ಬೆನ್ನೇರಿ ಇಳಿದು ಬಸ್ರೂರಿನ ಬಂದರು ಸೇರುತ್ತಿತ್ತು. 1665ರಲ್ಲಿ ಶಿವಾಜಿ ಸಮುದ್ರದ ಮೇಲೆ ಬಂದು ಸೂರೆ ಮಾಡುವಷ್ಟು ಸಿರಿ ಆ ಬಂದರಿಗಿತ್ತು. ಗಾಡಿರಸ್ತೆ ಆದದ್ದು ಬಹಳ ಆಮೇಲೆ. ನಮ್ಮಜ್ಜನ ಎತ್ತಿನ ಗಾಡಿಯನ್ನು ನಾನು ಕಂಡಿದ್ದೇನೆ. ಅಚ್ಚಿನ ಪಕ್ಕದಲ್ಲಿ ಬಿದಿರಿನ ಗೊಟ್ಟವೊಂದು ಯಾವಾಗಲೂ ನೇತಾಡುತ್ತಿತ್ತು, ಅದರೊಳಗೆ ಕೀಲೆಣ್ಣೆ. ಗಾಲಿ ‘ಕಿರ್ರ್’ ಎಂದರೆ ಅಜ್ಜ ಎಷ್ಟು ಅವಸರವಿದ್ದರೂ ಎತ್ತು ನಿಲ್ಲಿಸಿ ಇಳಿಯುತ್ತಿದ್ದರು. ಗುಂಬದ ಮೇಲೆ ಅಂಗೈ ಇಟ್ಟು, ‘ಸ್ವಲ್ಪ ಮುಂದಕ್ಕೆ ಹೊಡಿ’ ಎನ್ನುತ್ತಿದ್ದರು. ನನಗೆ ಅದು ಎತ್ತನ್ನು ಸವರುವ ಹಾಗೆ ಗಾಲಿಯನ್ನೂ ಸವರುವ ಪ್ರೀತಿ ಎಂದೇ ಕಂಡಿತ್ತು. ಅವರು ಏನು ಮಾಡುತ್ತಿದ್ದರು ಎಂದು ಗೊತ್ತಾದದ್ದು ಆ ದಿನ, ತಲ್ಲೂರಿನಲ್ಲಿ.

ನೆಂಪಿನಲ್ಲಿ ಹೆಮ್ಮಾಡಿಯ ದಾರಿ ಬಿಟ್ಟು ನೇರಳಕಟ್ಟೆ ಮೇಲೆ ಇಳಿದರೆ ತಲ್ಲೂರು. ಹೆದ್ದಾರಿ 66 ಸಿಗುವ ಜಾಗ. ದಕ್ಷಿಣಕ್ಕೆ ಹೇರಿಕುದ್ರು, ಅದರಾಚೆ ಸೇತುವೆ ದಾಟಿದರೆ ಕುಂದಾಪುರ. ಉತ್ತರಕ್ಕೆ ರಾಜಾಡಿ ಸೇತುವೆ, ಹೆಮ್ಮಾಡಿ. ಪಶ್ಚಿಮಕ್ಕೆ ಹೊಳೆಗಳ ನಡುವೆ ಉಪ್ಪಿನಕುದ್ರು. ಕುದ್ರು ಎಂದರೆ ಹೊಳೆಯೊಳಗಿನ ನಡುಗಡ್ಡೆ ಎಂದು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ಘಟ್ಟದ ಮೇಲಿಂದ ಬಂದ ನನಗೆ ಮಾತ್ರ ಪ್ರತಿ ಸಲವೂ ಆ ಗಾಳಿ ಮೊದಲು ತುಟಿಗೆ ತಾಗುತ್ತದೆ. ಉಪ್ಪು.

ಚಿಕ್ಕಮ್ಮ ಗಂಜಿ ಬಡಿಸುತ್ತಾ ನನ್ನ ಮುಖ ನೋಡಿ, ‘ಎಂತ ಆಯ್ತಾ ನಿಂಗೆ?’ ಎಂದರು. ಹೇಳಿದೆ. ಅವರ ಮಗ ಕೈ ತೊಳೆದವನೇ ನನ್ನನ್ನು ಹತ್ತಿರದ ಗ್ಯಾರೇಜಿಗೆ ಕರೆದುಕೊಂಡು ಹೋದ. ಹೆಂಚಿನ ಮಾಡು, ಮೂರು ಬದಿ ತೆರೆದ ಕೊಟ್ಟಿಗೆ, ಮುಂದೆ ಹಲಸಿನ ಮರ. ಮರದಡಿ ಮೇಳದ ಲಾರಿಯೊಂದು ಚಕ್ರ ಬಿಚ್ಚಿಸಿಕೊಂಡು ನಿಂತಿತ್ತು. ಅರವತ್ತರ ಆಚೀಚಿನ ಮನುಷ್ಯ ಲುಂಗಿ ಎತ್ತಿ ಕಟ್ಟಿ ಅದರಡಿಯಿಂದ ಹೊರಗೆ ಬಂದರು.

‘ನಮ್ಮಣ್ಣ, ಘಟ್ಟದ ಮೇಲೆ ಮಾಷ್ಟ್ರಾಯಿದ್ರ್. ಸ್ಟಿಯರಿಂಗಿಂದ ಸದ್ದ್ ಬತ್ತಂಬ್ರ್,’ ಎಂದ ತಮ್ಮ.

ನಾನು ಒಂದೇ ಉಸಿರಿಗೆ, ಟೈರಾಡ್ ಎಂಡ್ ಹೊಸದು, ಅಲೈನ್‌ಮೆಂಟ್ ಆಗಿದೆ, ಪಂಪು ಹೋಗಿದೆಯಂತೆ ಎಂದೆಲ್ಲ ಹೇಳಿದೆ. ಅವರು ಕೈಯೆತ್ತಿದರು.

‘ಅದೆಲ್ಲ ಮತ್ತೆ ಮಾಷ್ಟ್ರೆ. ಸದ್ದ್ ಹ್ಯಾಂಗ್ ಬತ್ತ್ ಅಂದೇಳಿ ಒಂಚೂರ್ ಬಾಯಲ್ಲಿ ಹೇಳಿ ಕಾಂಬ.’

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ನಾನು. ಸದ್ದನ್ನು ಬಾಯಲ್ಲಿ ಮಾಡಿ ತೋರಿಸಿ ಎಂದು ಯಾರೂ ಕೇಳಿರಲಿಲ್ಲ. ‘ಕಟ್’ ಎಂದೆ. ‘ಕಟ್ಟಾ, ಕಟಕಟವಾ?’ ಎಂದರು. ‘ಒಂದೇ ಸಲ.’ ‘ನಿತ್ತಲ್ಲೆ ತಿರ್ಗ್ಸಿರೂ ಬತ್ತಾ, ಹೋಪತಿಗೆ ಮಾತ್ರವಾ?’ ಎರಡರಲ್ಲೂ ಬರುತ್ತದೆ ಎಂದೆ. ಎಡಕ್ಕೋ ಬಲಕ್ಕೋ, ಹೊಂಡಕ್ಕೆ ಬಿದ್ದಾಗಲೂ ಬರುತ್ತದೆಯೋ, ಬೆಳಿಗ್ಗೆ ತಣ್ಣಗಿದ್ದಾಗ ಹೆಚ್ಚೋ ಗಾಡಿ ಬಿಸಿಯಾದ ಮೇಲೆ ಹೆಚ್ಚೋ, ಕೈಗೆ ತಾಗುತ್ತದೆಯೋ ಕಾಲಡಿ ತಾಗುತ್ತದೆಯೋ. ಒಂದೊಂದಕ್ಕೂ ನಾನು ಕಣ್ಣು ಮುಚ್ಚಿ ಘಾಟಿಯ ತಿರುವುಗಳನ್ನು ನೆನೆದು ಉತ್ತರ ಹೇಳಬೇಕಾಯಿತು. ಕೊನೆಗೆ, ‘ಇಂಜಿನ್ ಬಂದ್ ಮಾಡಿ ತಿರ್ಗ್ಸಿ ಕಂಡಿದ್ರ್ಯಾ?’ ಎಂದು ಕೇಳಿದರು. ಇಲ್ಲ. ಒಂದು ಸಲವೂ ಹಾಗೆ ಮಾಡಿ ನೋಡಿರಲಿಲ್ಲ.

ಅವರು ಮಾಡಹೊರಟದ್ದು ಅದನ್ನೇ. ಆದರೆ ಅದಕ್ಕೂ ಮುಂಚೆ ಪಂಪಿನ ಮಾತನ್ನು ತೀರಿಸಿಬಿಟ್ಟರು. ಬಾನೆಟ್ಟು ಎತ್ತಿ ಸ್ಟಿಯರಿಂಗ್ ಆಯಿಲಿನ ಡಬ್ಬಿಯ ಮುಚ್ಚಳ ತೆಗೆದರು. ಮಟ್ಟ ಸರಿಯಾಗಿತ್ತು, ನೊರೆ ಇರಲಿಲ್ಲ. ಎಣ್ಣೆ ಕಡಿಮೆಯಾದರೆ ಪಂಪು ಎಣ್ಣೆಯ ಜತೆ ಗಾಳಿಯನ್ನೂ ಹೀರಿಕೊಳ್ಳುತ್ತದೆ. ಆಗ ಅದು ತಿರುವಿಗೆಲ್ಲ ಮುಲುಗುತ್ತದೆ, ಎಣ್ಣೆಯಲ್ಲಿ ಸೋಪಿನ ನೊರೆಯಂತೆ ಬುರುಗು ಕಾಣುತ್ತದೆ. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರು. ಸ್ವಲ್ಪ ಸಡಿಲ, ಬಿಗಿ ಮಾಡಿದರು. ಬೆಳಗಿನ ಹೊತ್ತು ಅದು ಕಿರುಚುತ್ತಿದ್ದರೆ ಇದೇ ಕಾರಣ, ‘ಕಟ್’ಗೂ ಇದಕ್ಕೂ ಸಂಬಂಧವಿಲ್ಲ ಎಂದರು. ಆಮೇಲೆ ಇಂಜಿನ್ ಚಾಲೂ ಮಾಡಿ ಸ್ಟಿಯರಿಂಗನ್ನು ಒಂದು ಬದಿಯ ಕೊನೆಯವರೆಗೂ ಎಳೆಸಿದರು. ‘ಊಂ’ ಎಂಬ ನರಳಾಟ ಕೇಳಿತು. ಇದೇ ಸದ್ದು ಕೇಳಿ ಆ ಇನ್ನೊಂದು ಗ್ಯಾರೇಜಿನವರು ಪಂಪು ಹೋಗಿದೆ ಎಂದದ್ದು. ‘ಇದ್ ಖಾಯಿಲೆ ಅಲ್ಲ,’ ಎಂದರು ಇವರು. ಚಕ್ರ ಇನ್ನು ತಿರುಗಲಾರದ ಜಾಗಕ್ಕೆ ಬಂದಾಗ ಎಣ್ಣೆಗೆ ಹೋಗಲು ದಾರಿಯಿಲ್ಲ. ಒತ್ತಡ ಏರಿ ಒಂದು ವಾಲ್ವು ತೆರೆದು ಅದನ್ನು ಹಿಂದಕ್ಕೆ ಬಿಡುತ್ತದೆ, ಆ ಸದ್ದು ಅದು. ಹಾಗೆ ಎಳೆದು ನಾಲ್ಕೈದು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು, ಎಣ್ಣೆ ಕಾಯುತ್ತದೆ, ಆಗ ಮಾತ್ರ ನಿಜಕ್ಕೂ ಪಂಪು ಹೋಗುತ್ತದೆ.

ಎಣ್ಣೆಯ ಒತ್ತಡದಿಂದ ಚಕ್ರ ತಿರುಗಿಸುವ ಈ ಉಪಾಯವನ್ನು ಅಮೆರಿಕದ ಫ್ರಾನ್ಸಿಸ್ ಡೇವಿಸ್ 1926ರಲ್ಲೇ ಮಾಡಿ ತೋರಿಸಿದ್ದರು. ಮಾರಾಟದ ಕಾರಿಗೆ ಅದು ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಎಂಬ ಕಾರಿನಲ್ಲಿ. ನಾನು ಹುಡುಗನಾಗಿದ್ದಾಗ ನಮ್ಮ ಘಾಟಿಯ ಬಸ್ಸುಗಳಿಗೆ ಅದು ಇರಲಿಲ್ಲ. ಹೇರ್‌ಪಿನ್ ತಿರುವಿನಲ್ಲಿ ಡ್ರೈವರು ಸೀಟಿನಿಂದ ಅರ್ಧ ಎದ್ದು, ಎರಡೂ ಕೈಯಲ್ಲಿ ಮೊರದಷ್ಟು ಅಗಲದ ಸ್ಟಿಯರಿಂಗನ್ನು ಎದೆಗೆಳೆದುಕೊಳ್ಳುತ್ತಿದ್ದುದು ಕಣ್ಣಿಗೆ ಕಟ್ಟಿದೆ. ಅವರ ತೋಳಿಗೆ ರಸ್ತೆಯ ಪ್ರತಿಯೊಂದು ಕಲ್ಲೂ ಗೊತ್ತಾಗುತ್ತಿತ್ತು. ಎಣ್ಣೆ ನಡುವೆ ಬಂದ ಮೇಲೆ ತೋಳಿಗೆ ಸುಖವಾಯಿತು. ಆದರೆ ಕೀಲಿನಲ್ಲಿ ಆಗುವ ಸಣ್ಣ ತೊಂದರೆಯನ್ನೂ ಅದು ಬಹಳ ದಿನ ಮುಚ್ಚಿಡುತ್ತದೆ. ಆದ್ದರಿಂದಲೇ ಇಂಜಿನ್ ಬಂದ್ ಮಾಡಿ ನೋಡುವುದು.

ಕೀಲಿ ತಿರುಗಿಸಿ ಸ್ಟಿಯರಿಂಗಿನ ಲಾಕ್ ಮಾತ್ರ ಬಿಡಿಸಿದರು, ಇಂಜಿನ್ ಚಾಲೂ ಮಾಡಲಿಲ್ಲ. ಚಕ್ರಗಳು ನೆಲದ ಮೇಲೆಯೇ ಇದ್ದವು. ಹದಿನೇಳು ಹದಿನೆಂಟರ ಮಾಣಿಯೊಬ್ಬನನ್ನು ಸೀಟಿನಲ್ಲಿ ಕೂರಿಸಿ, ಸ್ಟಿಯರಿಂಗನ್ನು ಅಂಗುಲದಷ್ಟು ಎಡಕ್ಕೆ, ಅಂಗುಲದಷ್ಟು ಬಲಕ್ಕೆ, ನಿಲ್ಲಿಸದೆ ಆಡಿಸಲು ಹೇಳಿದರು. ತಾವು ಗೋಣಿ ಹಾಸಿ ಅಡಿಗೆ ಸರಿದರು. ‘ಕಟ್, ಕಟ್’ ಎಂಬ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ನಾನು ಬಲ ಚಕ್ರದ ಬಳಿ ಕುಕ್ಕುರುಗಾಲಲ್ಲಿ ಕೂತು ಕಿವಿ ಕೊಟ್ಟೆ. ಸದ್ದು ಇಲ್ಲಿಂದಲೇ, ಟೈರಾಡ್ ಎಂಡಿನಿಂದಲೇ ಬರುತ್ತಿದೆ ಎಂದು ಪ್ರಮಾಣ ಮಾಡುವಷ್ಟು ಖಾತ್ರಿಯಾಗಿ ಕೇಳಿತು. ಹಾಗೆಂದು ಹೇಳಿಯೂ ಬಿಟ್ಟೆ.

‘ಅಲ್ಲಿ ಕೇಂಬುದ್ ಹೌದ್. ಅಲ್ಲಿ ಹುಟ್ಟುದಲ್ಲ. ಬನ್ನಿ ಇಲ್ಲಿ, ಕೈ ಕೊಡಿ.’

ಇನ್ನೊಂದು ಗೋಣಿ ಹಾಸಿಸಿದರು. ಮಲಗಿ ಒಳಗೆ ಸರಿದೆ. ಎಣ್ಣೆ, ಒಣಗಿದ ಕೆಸರು, ಬಿಸಿ ಕಬ್ಬಿಣ, ಎಲ್ಲ ಸೇರಿದ ವಾಸನೆ. ಅವರು ನನ್ನ ಮಣಿಕಟ್ಟು ಹಿಡಿದು ಅಂಗೈಯನ್ನು ಟೈರಾಡ್ ಎಂಡಿನ ಮೇಲೆ ಇಟ್ಟರು. ಮೇಲೆ ಮಾಣಿ ಆಡಿಸಿದ. ಸದ್ದು ಕೇಳಿತು, ಅಂಗೈಗೆ ಬಂದದ್ದು ಮಾತ್ರ ದೂರದ ಅದುರು, ಪಕ್ಕದ ಕೋಣೆಯಲ್ಲಿ ಯಾರೋ ಒನಕೆ ಹಾಕಿದ ಹಾಗೆ. ಅಲ್ಲಿಂದ ರಾಡಿನ ಉದ್ದಕ್ಕೂ ಕೈಯನ್ನು ಒಳಕ್ಕೆ ಸರಿಸಿದರು. ರಬ್ಬರಿನ ಬೂಟಿನ ಹೊರಗಿಂದ ಒಳಗಿನ ಕೀಲನ್ನು ಹಿಡಿಸಿದರು. ಅದುರು ಸ್ವಲ್ಪ ಹೆಚ್ಚಿತು. ಸ್ಟಿಯರಿಂಗ್ ಬಾಕ್ಸಿನ ಮೈ ಮೇಲೆ ಇನ್ನೂ ಸ್ವಲ್ಪ. ಆಮೇಲೆ ಕೈಯನ್ನು ಮೇಲಕ್ಕೆತ್ತಿ, ಬಾಕ್ಸಿನಿಂದ ಸ್ಟಿಯರಿಂಗಿನ ಕಡೆಗೆ ಓರೆಯಾಗಿ ಹೋಗುವ ಸಣ್ಣ ಶಾಫ್ಟಿನ ಬುಡದಲ್ಲಿದ್ದ ಕ್ರಾಸನ್ನು ಹಿಡಿಸಿದರು. ಮಾಣಿ ಆಡಿಸಿದ. ಬೆರಳುಗಳ ನಡುವೆ ಏನೋ ಜೀವ ಇದ್ದದ್ದು ಒದ್ದ ಹಾಗಾಯಿತು. ಕೈಯನ್ನು ಹಿಂದಕ್ಕೆ ಎಳೆದುಕೊಂಡೆ.

‘ಸಿಕ್ತಾ?’ ಎಂದರು. ಕತ್ತಲೆಯಲ್ಲಿ ಅವರ ಹಲ್ಲು ಕಂಡಿತು.

ಉಕ್ಕಿನೊಳಗೆ ಸದ್ದು ಸೆಕೆಂಡಿಗೆ ಸುಮಾರು 5 ಕಿಲೋಮೀಟರ್ ಓಡುತ್ತದೆ, ಗಾಳಿಯಲ್ಲಿ ಸುಮಾರು 340 ಮೀಟರ್ ಎಂದು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆದಿದ್ದೇನೆ. ರೈಲಿನ ಕಂಬಿಗೆ ಕಿವಿ ಇಟ್ಟ ಹುಡುಗನ ಉದಾಹರಣೆ ಕೊಟ್ಟಿದ್ದೇನೆ. ಹಾಗಾದರೆ ಕ್ರಾಸಿನಲ್ಲಿ ಹುಟ್ಟಿದ ಸದ್ದು ಬಾಕ್ಸು, ರಾಡು, ಚಕ್ರ, ಚಾಸಿ ಎಲ್ಲವನ್ನೂ ಒಂದೇ ಗಳಿಗೆಯಲ್ಲಿ ಹಾದು, ಎಲ್ಲಿ ಲೋಹ ಬರಿದಾಗಿ ಹೊರಗೆ ತೆರೆದಿದೆಯೋ ಅಲ್ಲಿಂದ ನಮ್ಮ ಕಿವಿಗೆ ಬರುತ್ತದೆ ಎಂಬುದು ನನಗೆ ಹೊಳೆಯಬೇಕಿತ್ತು. ಲೆಕ್ಕ ನನ್ನಲ್ಲಿತ್ತು, ಆ ಲೆಕ್ಕವನ್ನು ಬೆರಳಿಗೆ ಇಳಿಸಿದವರು ಇವರು. ಗುಂಬದ ಮೇಲೆ ಅಂಗೈ ಇಟ್ಟು ಗಾಡಿ ಮುಂದಕ್ಕೆ ಹೊಡೆಸುತ್ತಿದ್ದ ಅಜ್ಜ ಮಾಡುತ್ತಿದ್ದದ್ದೂ ಇದನ್ನೇ.

ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಒಂದು ದೋಷ ಸಿಕ್ಕಿತೆಂದು ಎರಡನೆಯದನ್ನು ನೋಡದೆ ಬಿಡುವವರಲ್ಲ. ಮುಂಭಾಗವನ್ನು ಜಾಕಿನಿಂದ ಎತ್ತಿ, ಸ್ಟ್ಯಾಂಡು ಕೊಟ್ಟು, ಮರದ ದಿಮ್ಮಿಯನ್ನೂ ಇಟ್ಟರು. ಜಾಕೊಂದನ್ನೇ ನಂಬಿ ಯಾರನ್ನೂ ಅಡಿಗೆ ಬಿಡುವುದಿಲ್ಲವಂತೆ. ಚಕ್ರವನ್ನು ಅಕ್ಕಪಕ್ಕ ಹಿಡಿದು ಅಲ್ಲಾಡಿಸಿದರು, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು. ಅಕ್ಕಪಕ್ಕದ ಆಟ ಟೈರಾಡಿನದು, ಮೇಲೆ ಕೆಳಗಿನ ಆಟ ಬಾಲ್ ಜಾಯಿಂಟಿನದು ಅಥವಾ ಬೇರಿಂಗಿನದು. ಎಲ್ಲ ಗಟ್ಟಿ. ಬಾಕ್ಸಿನ ಬೋಲ್ಟುಗಳು ಗಟ್ಟಿ. ಆಮೇಲೆ ಬಾಡಿಯ ಹಿಂದಿನ ಮೂಲೆಗೆ ಹೋಗಿ ತಳದ ತಗಡನ್ನು ಉಗುರಿನಿಂದ ಕೆರೆದರು. ಕೆಂಪು ಹೊಪ್ಪಳೆ ಎದ್ದು ಬಂತು.

‘ಇದ್ ಮೀನಿನ ಗಾಡಿ ಆಯಿತ್ತಲ್ದಾ ಮಾಷ್ಟ್ರೆ?’

ಹೌದು. ನಾಲ್ಕು ವರ್ಷದ ಹಿಂದೆ ಕರಾವಳಿಯವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಅವರು ಬಂದರಿನಿಂದ ಮೀನು ಸಾಗಿಸುತ್ತಿದ್ದರು. ಮಂಜುಗಡ್ಡೆ ಕರಗಿದ ಉಪ್ಪುನೀರು ಎಷ್ಟು ವರ್ಷ ಇದರ ಸಂದುಗಳಲ್ಲಿ ಇಳಿದಿದೆಯೋ. ಅದರ ಮೇಲೆ ಹುಲಿಕಲ್ಲಿನ ಆಸುಪಾಸಿನ ನಮ್ಮ ಮಳೆ, ನಾಲ್ಕು ತಿಂಗಳು ಆರದ ಕೆಸರು. ಉಪ್ಪು ಕೂತ ಕಬ್ಬಿಣಕ್ಕೆ ಸ್ವಲ್ಪ ತೇವ ಸಿಕ್ಕರೆ ತುಕ್ಕು ಬಿಡದೆ ತಿನ್ನುತ್ತದೆ. ಶಾಫ್ಟಿನ ಕೆಳ ಕ್ರಾಸು ಇರುವುದು ಮುಂದಿನ ಚಕ್ರ ನೀರು ಎರಚುವ ಜಾಗದ ಪಕ್ಕದಲ್ಲೇ. ಪ್ರತಿ ಭಾನುವಾರ ನಾನು ಪೈಪು ಹಿಡಿದು ಗಾಡಿಯ ಹೊರಮೈ ತೊಳೆಯುತ್ತಿದ್ದೆ. ಇದನ್ನು ಒಂದು ದಿನವೂ ಬಗ್ಗಿ ನೋಡಿರಲಿಲ್ಲ.

ಬಿಚ್ಚುವ ಮೊದಲು ಅವರು ಮಾಡಿದ ಮೂರು ಕೆಲಸ ಹೇಳಲೇಬೇಕು. ಚಕ್ರಗಳನ್ನು ನೇರ ಮಾಡಿದರು. ಸ್ಟಿಯರಿಂಗ್ ತಿರುಗದ ಹಾಗೆ ಸೀಟ್ ಬೆಲ್ಟನ್ನು ಅದರ ಕಡ್ಡಿಗಳ ನಡುವೆ ಹಾಯಿಸಿ ಬಿಗಿದು ಕಟ್ಟಿದರು. ಶಾಫ್ಟು ಎಲ್ಲೆಲ್ಲಿ ಕೂಡುತ್ತದೆಯೋ ಅಲ್ಲಿ ಎರಡೂ ತುಂಡಿನ ಮೇಲೆ ಹಾಯುವಂತೆ ಬಿಳಿ ಬಣ್ಣದ ಗೆರೆ ಎಳೆದರು. ಗೆರೆ ಕೂಡಿಸಿ ಜೋಡಿಸಿದರೆ ಸ್ಟಿಯರಿಂಗ್ ಮೊದಲಿನಷ್ಟೇ ನೇರಕ್ಕೆ ಬರುತ್ತದೆ. ಬೋಲ್ಟನ್ನು ಬರೀ ಸಡಿಲಿಸಿದರೆ ಶಾಫ್ಟು ಬರುವುದಿಲ್ಲ. ಅದು ಶಾಫ್ಟಿನ ಒಂದು ಕಚ್ಚಿನಲ್ಲಿ ಕೂತು ಜಾರದಂತೆ ಹಿಡಿದಿರುತ್ತದೆ, ಪೂರ್ತಿ ಹೊರಗೆ ತೆಗೆಯಬೇಕು. ಆ ಒಂದು ಬೋಲ್ಟಿನ ಮೇಲೆ ಇಡೀ ಗಾಡಿಯ ದಿಕ್ಕು ನಿಂತಿದೆ ಎಂದು ನೋಡಿದಾಗ ಅದು ಎಷ್ಟು ಸಣ್ಣದು ಅನ್ನಿಸಿತು. ನನ್ನ ಕಿರುಬೆರಳಿಗಿಂತ ದಪ್ಪವಿರಲಿಲ್ಲ.

ಹಳೆಯ ಶಾಫ್ಟು ಕೈಗೆ ಬಂತು. ಕ್ರಾಸು ಎಂದರೆ ಕೂಡಿಸುವ ಚಿಹ್ನೆಯ ಹಾಗೆ ನಾಲ್ಕು ಕೈಗಳ ಕಬ್ಬಿಣದ ತುಂಡು. ಎರಡು ಕೈ ಮೇಲಿನ ಕವಲಿಗೆ, ಎರಡು ಕೈ ಕೆಳಗಿನ ಕವಲಿಗೆ. ಒಂದೊಂದು ಕೈಗೂ ಒಂದು ಪುಟ್ಟ ಉಕ್ಕಿನ ಟೋಪಿ, ದರ್ಜಿಯ ಬೆರಳಿಗೆ ಹಾಕುವಷ್ಟಿರುತ್ತದೆ. ಟೋಪಿಯ ಒಳಗೋಡೆಗೆ ಸುತ್ತ ನಿಂತ ಸೂಜಿಯಂಥ ರೋಲರುಗಳು, ನಡುವೆ ಗ್ರೀಸು. ಕವಲನ್ನು ಒಂದು ಕಡೆಗೆ ಬಾಗಿಸಿದೆ. ಜಗ್ಗಲಿಲ್ಲ, ತುಕ್ಕು ಹಿಡಿದು ಬಿಗಿದಿತ್ತು. ಇನ್ನೊಂದು ಕಡೆಗೆ ಬಾಗಿಸಿದೆ, ಲೊಡಲೊಡ. ಅವರು ಆ ಟೋಪಿಯನ್ನು ಉಳಿಯಿಂದ ಎಬ್ಬಿಸಿ ನನ್ನ ಅಂಗೈ ಮೇಲೆ ಬೋರಲು ಹಾಕಿ ತಟ್ಟಿದರು. ಗ್ರೀಸು ಬರಲಿಲ್ಲ. ಕುಂಕುಮದಷ್ಟು ನುಣ್ಣನೆಯ ಕೆಂಪು ಪುಡಿ ಬಿತ್ತು, ಅದರೊಳಗೆ ಮುರಿದ ಎರಡು ಮೂರು ಸೂಜಿ. ಸೂಜಿಗಳು ಸವೆದು ಬಿಟ್ಟ ಜಾಗವನ್ನು ದಾಟಿ, ಎಡಕ್ಕೆ ಎಳೆದಾಗಲೆಲ್ಲ ಕ್ರಾಸಿನ ಕೈ ಟೋಪಿಯ ಗೋಡೆಗೆ ಬಡಿಯುತ್ತಿತ್ತು. ಬಲಕ್ಕೆ ಮರಳುವಾಗ ಮೆಲ್ಲನೆ ಸರಿದು ಕೂರುತ್ತಿತ್ತು. ಅದಕ್ಕೇ ಎಡಕ್ಕೆ ಮಾತ್ರ ಸದ್ದು. ನಾನು ಆ ಪುಡಿಯನ್ನು ಎಷ್ಟೋ ಹೊತ್ತು ನೋಡುತ್ತಾ ನಿಂತಿದ್ದೆ.

ಗ್ರೀಸು ತುಂಬಿ ನಡೆಸಬಹುದೇ ಎಂದು ಕೇಳಿದೆ. ಆಗದು ಎಂದರು. ಟೋಪಿಗಳನ್ನು ಕಂಪನಿಯಲ್ಲೇ ಬಡಿದು ಮುಚ್ಚಿರುತ್ತಾರೆ, ಗ್ರೀಸು ಹೊಡೆಯುವ ಮೂತಿ ಇದಕ್ಕಿಲ್ಲ. ಹೊರಗಿನಿಂದ ಎಣ್ಣೆ ಬಿಟ್ಟರೆ ವಾರ ಸದ್ದು ನಿಲ್ಲುತ್ತದೆ, ಸವೆತ ನಿಲ್ಲುವುದಿಲ್ಲ. ಸದ್ದೂ ಇಲ್ಲದೆ ಸವೆದರೆ ಅದು ಇನ್ನೂ ಕೆಟ್ಟದ್ದು. ಇಡೀ ಶಾಫ್ಟನ್ನೇ ಬದಲಿಸಬೇಕು. ಮಾಣಿ ಬೈಕು ಹತ್ತಿ ಹಳೆಯ ಶಾಫ್ಟನ್ನು ಗೋಣಿಯಲ್ಲಿ ಸುತ್ತಿಕೊಂಡು ಕುಂದಾಪುರಕ್ಕೆ ಹೋದ. ‘ಎರಡ್ ತಾಸ್ ಆತ್ತ್. ಇಲ್ಲಿ ಕೂಕಂಡ್ ಎಂತ ಮಾಡ್ತ್ರಿ? ಉಪ್ಪಿನಕುದ್ರಿಗೆ ಹೋಯ್ ಬನ್ನಿ,’ ಎಂದರು ಅವರು.

ಹೋದೆ. ಉಪ್ಪಿನಕುದ್ರು ಎಂದರೆ ಗೊಂಬೆಯಾಟ. ಕೊಗ್ಗ ಕಾಮತರ ಊರು. ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಪಡೆದ ಅವರು ಯಕ್ಷಗಾನದ ಸೂತ್ರದ ಗೊಂಬೆಗಳನ್ನು ಈ ನಡುಗಡ್ಡೆಯಿಂದ ದೇಶ ವಿದೇಶಕ್ಕೆ ಕೊಂಡೊಯ್ದರು. ಅವರ ಮಗ ಭಾಸ್ಕರ ಕೊಗ್ಗ ಕಾಮತರು ಶ್ರೀ ಗಣೇಶ ಯಕ್ಷಗಾನ ಗೊಂಬೆಯಾಟ ಮಂಡಳಿಯನ್ನು ಮುಂದುವರಿಸಿದವರು. ಹಿಂದೊಮ್ಮೆ ಶಾಲೆಯ ಮಕ್ಕಳ ಜತೆ ಈ ಮಂಡಳಿಯ ಆಟ ನೋಡಿದ್ದೆ. ಗೊಂಬೆಮನೆಯ ಎದುರು ನಿಂತಾಗ ಅದು ಹೊಸದಾಗಿ ನೆನಪಿಗೆ ಬಂತು. ಒಂದೂವರೆ ಎರಡು ಅಡಿಯ ಗೊಂಬೆ, ಬಡಗುತಿಟ್ಟಿನದೇ ವೇಷ, ಕೇದಗೆ ಮುಂದಲೆ, ಕಾಲಿಗೆ ಗೆಜ್ಜೆ. ಮದ್ದಳೆಯ ಪೆಟ್ಟಿಗೆ ಸರಿಯಾಗಿ ಹೆಜ್ಜೆ ಹಾಕುವಾಗ ಮೊಣಕಾಲು ಮಡಿಸಿ ನೆಲ ತಾಗಿ ಏಳುತ್ತಿತ್ತು. ಮಕ್ಕಳು ದಾರವನ್ನು ಹುಡುಕುತ್ತಿದ್ದರು. ನಾನು ಆವತ್ತು ಕೀಲನ್ನು ನೋಡಿರಲಿಲ್ಲ.

ಕನ್ನಡದಲ್ಲಿ ಕೀಲುಗೊಂಬೆ ಎಂಬ ಮಾತಿದೆ. ಗೊಂಬೆಗೆ ಕೀಲು ಸಡಿಲವೇ ಇರಬೇಕು. ಮೊಣಕಾಲು ಬಿಗಿದರೆ ಕುಣಿತವಿಲ್ಲ. ಆ ಸಡಿಲವನ್ನು ದಾರದ ಇನ್ನೊಂದು ತುದಿಯಲ್ಲಿರುವ ಬೆರಳು ತುಂಬಿಕೊಳ್ಳುತ್ತದೆ. ಎಷ್ಟು ಎಳೆದರೆ ಎಷ್ಟು ತಡವಾಗಿ ಪಾದ ಏಳುತ್ತದೆ ಎಂದು ಆ ಬೆರಳಿಗೆ ಗೊತ್ತು, ಮದ್ದಳೆಯ ಪೆಟ್ಟಿಗಿಂತ ಒಂದು ಕೂದಲೆಳೆ ಮೊದಲೇ ಎಳೆಯುತ್ತದೆ. ಗಾಡಿ ಓಡಿಸುವವನಿಗೆ ಆ ವಿದ್ಯೆ ಇಲ್ಲ, ಇರಬೇಕಾಗಿಯೂ ಇಲ್ಲ. ಅವನ ಕೈಗೂ ಚಕ್ರಕ್ಕೂ ನಡುವೆ ಏಳೆಂಟು ಕೀಲುಗಳಿವೆ, ಒಂದೊಂದರಲ್ಲೂ ನೂಲಿನಷ್ಟು ಸಡಿಲ ಬಂದರೂ ಕೂಡಿ ಅದು ರಸ್ತೆಯ ಮೇಲೆ ಗೇಣಾಗುತ್ತದೆ. ಆದರೆ ಗೊಂಬೆ ಕುಣಿಸುವವರ ಬೆರಳಿಗೂ ಗಾಡಿಯಡಿ ಮಲಗಿದ್ದ ಆ ಮನುಷ್ಯರ ಅಂಗೈಗೂ ಗೊತ್ತಿರುವುದು ಒಂದೇ ವಿಷಯ. ಕಣ್ಣಿಗೆ ಕಾಣದ ಕೀಲಿನಲ್ಲಿ ಏನು ನಡೆಯುತ್ತಿದೆ ಎಂಬುದು.

ತಿರುಗಿ ಬರುವಷ್ಟರಲ್ಲಿ ಹೊಸ ಶಾಫ್ಟು ಬಂದಿತ್ತು. 2,500 ರೂಪಾಯಿ, ಜತೆಗೆ ಹೊಸ ಬೋಲ್ಟುಗಳು. ಹಳೆಯದನ್ನು ಮತ್ತೆ ಹಾಕಲು ಅವರು ಒಪ್ಪಲಿಲ್ಲ. ಶಾಫ್ಟಿನ ಎರಡು ತುದಿಯ ಕವಲುಗಳು ಒಂದೇ ಸಾಲಿನಲ್ಲಿ ನಿಂತಿವೆಯೇ ಎಂದು ಬೆಳಕಿಗೆ ಹಿಡಿದು ನೋಡಿದರು. ಇದಕ್ಕೆ ಕಾರಣ ನನಗೆ ಪುಸ್ತಕದಿಂದ ಗೊತ್ತಿತ್ತು. ಈ ಬಗೆಯ ಕೀಲನ್ನು ಪಾಠದಲ್ಲಿ ಹುಕ್ಸ್ ಜಾಯಿಂಟ್ ಎನ್ನುತ್ತಾರೆ, 17ನೇ ಶತಮಾನದಲ್ಲಿ ಇದನ್ನು ಬಳಸಿ ವಿವರಿಸಿದ ರಾಬರ್ಟ್ ಹುಕ್‌ನ ಹೆಸರಿನಲ್ಲಿ. ಅವನಿಗಿಂತ ಹಿಂದಿನ ಇಟಲಿಯ ಕಾರ್ಡಾನೊನ ಹೆಸರೂ ಇದಕ್ಕಿದೆ. ಬಾಗಿದ ಕೋನದಲ್ಲಿ ಇಂಥ ಒಂದೇ ಕೀಲು ಇದ್ದರೆ ಮೇಲಿನ ಕಡ್ಡಿ ಸಮನಾಗಿ ತಿರುಗಿದರೂ ಕೆಳಗಿನದು ಒಂದು ಸುತ್ತಿನಲ್ಲಿ ಎರಡು ಸಲ ಮುಂದೋಡಿ ಎರಡು ಸಲ ಹಿಂದುಳಿಯುತ್ತದೆ. ಎರಡು ಕೀಲನ್ನು ಸರಿಯಾದ ಸಾಲಿನಲ್ಲಿ ಇಟ್ಟರೆ ಒಂದರ ಏರುಪೇರನ್ನು ಇನ್ನೊಂದು ತೀರಿಸುತ್ತದೆ. ಸಾಲು ತಪ್ಪಿದರೆ ಸ್ಟಿಯರಿಂಗ್ ಒಂದು ಕಡೆ ಹಗುರ, ಇನ್ನೊಂದು ಕಡೆ ಭಾರ. ಹುಕ್‌ನ ವಿಷಯ ನಾನು ಹೇಳಿದಾಗ ಅವರು ಬೋಲ್ಟು ಕೂರಿಸುತ್ತಲೇ ಕೇಳಿಸಿಕೊಂಡರು. ‘ಅಷ್ಟ್ ಹಳಿ ಕಾಲದ್ದಾ ಇದ್?’ ಎಂದು ಒಂದು ಗಳಿಗೆ ಪಾನಾ ಹಿಡಿದ ಕೈ ನಿಲ್ಲಿಸಿದರು.

ಬಿಗಿಯುವಾಗ ಅಂದಾಜಿಗೆ ಬಿಡಲಿಲ್ಲ, ಅಳತೆಯ ಪಾನಾ ತರಿಸಿ ಅದು ‘ಟಿಕ್’ ಎನ್ನುವವರೆಗೆ ಬಿಗಿದರು. ಬೋಲ್ಟಿನ ತಲೆಯ ಮೇಲಿಂದ ಕವಲಿನ ಮೇಲಕ್ಕೆ ಹೊಸದಾಗಿ ಒಂದು ಬಿಳಿ ಗೆರೆ. ‘ಮನಿಗೆ ಹೋದ್ ಮೇಲೆ ಬಗ್ಗಿ ಕಾಣಿ. ಗೆರೆ ತುಂಡಾಯಿದ್ರೆ ಬೋಲ್ಟ್ ತಿರ್ಗಿತ್ ಅಂದೇಳಿ ಲೆಕ್ಕ. ಮತ್ತೆ ಓಡ್ಸುಕಾಗ, ನಂಗ್ ಫೋನ್ ಮಾಡಿ.’ ಕೂಲಿ 600 ಎಂದರು. ಹೆಚ್ಚು ಕೊಡಹೋದರೆ ತೆಗೆದುಕೊಳ್ಳಲಿಲ್ಲ.

ಪರೀಕ್ಷೆಗೆಂದು ರಾಜಾಡಿ ಸೇತುವೆ ದಾಟಿ ಹೆಮ್ಮಾಡಿಯವರೆಗೆ ಹೋಗಿ ಬಂದೆವು, ಅವರು ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಗದ್ದೆಗಳಲ್ಲಿ ಕೊಯ್ದು ಉಳಿದ ಸೇವಂತಿಗೆ ಹಳದಿ ಹಾಸಿದಂತಿತ್ತು. ಹೆಮ್ಮಾಡಿಯಲ್ಲಿ ಗಾಡಿ ತಿರುಗಿಸಲು ಸ್ಟಿಯರಿಂಗನ್ನು ಪೂರ್ತಿ ಎಡಕ್ಕೆ ಎಳೆದೆ. ಏನೂ ಇಲ್ಲ. ಅವರು ಕಣ್ಣು ತೆರೆಯದೆಯೇ ತಲೆಯಾಡಿಸಿದರು.

ಹೆಂಚು ಹೇರುವುದಕ್ಕೆ ಸಂಜೆಯಾಯಿತು. ಒಂದೊಂದನ್ನೂ ಅಂಚಿನ ಮೇಲೆ ನಿಲ್ಲಿಸಿ, ಸಾಲಿನ ನಡುವೆ ಒಣಹುಲ್ಲು ತುರುಕಿ, ಭಾರ ಪೂರ್ತಿ ಹಿಂದಕ್ಕೆ ಬೀಳದಂತೆ ಕ್ಯಾಬಿನ್ನಿನ ಬದಿಯಿಂದ ಜೋಡಿಸಿದೆವು. ಹಿಂದೆ ಭಾರವಾದರೆ ಮುಂದಿನ ಚಕ್ರ ಹಗುರಾಗಿ ಸ್ಟಿಯರಿಂಗ್ ತೇಲುತ್ತದೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಹೆಂಚಿನ ಕೆಲಸ ಈ ಕರಾವಳಿಯ ಉದ್ದಕ್ಕೂ ಹಬ್ಬಿದ ಮೇಲೆ ಹುಟ್ಟಿದ ಹೆಂಚುಗಳಿವು. ಅಡಿಯಲ್ಲಿ ಕಾರ್ಖಾನೆಯ ಅಚ್ಚು ಅರ್ಧ ಅಳಿಸಿದೆ, ಚಿಕ್ಕಮ್ಮನ ಅಡುಗೆಮನೆಯ ಹೊಗೆಯ ಕಪ್ಪು ಹಾಗೇ ಇದೆ. ಚಿಕ್ಕಮ್ಮ ಒಂದು ಹೆಂಚನ್ನು ಸೆರಗಿನಿಂದ ಒರೆಸಿ ನೋಡಿ ಮತ್ತೆ ಸಾಲಿಗೆ ಕೊಟ್ಟರು.

ರಾತ್ರಿ ಘಾಟಿ ಬೇಡವೆಂದು ಉಳಿದು ಮರುದಿನ ಬೆಳಕು ಹರಿದ ಮೇಲೆ ಹೊರಟೆ. ಕೊಲ್ಲೂರು ದಾಟಿ ಏರು ಶುರುವಾಯಿತು. ಮೊದಲ ಗೇರು, ಎರಡನೆಯದು, ಮತ್ತೆ ಮೊದಲನೆಯದು. ಕಿಟಕಿ ಇಳಿಸಿಯೇ ಇತ್ತು. ಎಡ ತಿರುವಿನಲ್ಲಿ ಅಂಗೈ ಕಾಯುತ್ತಿತ್ತು, ಬರಲಿಲ್ಲ. ಹಿಂದೆ ಹೆಂಚುಗಳು ಒಂದಕ್ಕೊಂದು ತಾಗಿ ಮಾಡುವ ಕಿಣಿಕಿಣಿ ಮಾತ್ರ.

ಮನೆ ಸೇರಿ, ಹೆಂಚು ಇಳಿಸುವುದಕ್ಕೂ ಮೊದಲು ಅಂಗಳದಲ್ಲಿ ಗೋಣಿ ಹಾಸಿದೆ. ಚಕ್ರಕ್ಕೆ ಕಲ್ಲು ಕೊಟ್ಟು ಮಗ ಟಾರ್ಚು ಹಿಡಿದ. ಅಡಿಗೆ ಸರಿದು, ಮುಖದ ಮೇಲೆ ಬಿದ್ದ ಕೆಂಪು ಧೂಳು ಒರೆಸಿಕೊಂಡು ನೋಡಿದೆ. ಬೋಲ್ಟಿನ ತಲೆಯಿಂದ ಕವಲಿನ ಮೇಲಕ್ಕೆ ಬಿಳಿ ಗೆರೆ ಎಲ್ಲೂ ತುಂಡಾಗದೆ ಹಾಯ್ದಿತ್ತು. ‘ನೀನೂ ಬಾ, ಇಲ್ಲಿ ಕೈ ಇಡು,’ ಎಂದು ಮಗನನ್ನು ಕರೆದೆ.